ರೈಡ್ ಸಿಂಬಲ್ಲಿನ ತಕಿಟ

ಚಿಕ್ಕಮಗಳೂರು, 14 ಜುಲೈ 2025, ಸೋಮವಾರ ರಾತ್ರಿ

ಮಳೆ ಬಿಟ್ಟಿಲ್ಲ. ಕರೆಂಟು ಹೋಗ್ತಾ ಬರ್ತಾ ಇದೆ.

ಸಂಜೆ ಆರ್ಕೆಸ್ಟ್ರಾ ಹುಡುಗ ಬಂದಿದ್ದ. ಗಣಪತಿ ಪೆಂಡಾಲಿನಲ್ಲಿ ಪ್ಯಾಡ್ ಬಾರಿಸಿ ಪಳಗಿದ ಕೈ. ಅಮೆರಿಕದ ಜಾಝ್ ಡ್ರಮ್ಮರ್ ಮ್ಯಾಕ್ಸ್ ರೋಚ್ ಬಾರಿಸಿದ್ದನ್ನ ಕೇಳಿ, "ಸರ್, ಇವ್ರೇ ಬ್ಯಾಂಡ್ ಲೀಡರ್ ಅಂತೀರ, ಡ್ರಮ್ಮೇ ಕೇಳಲ್ವಲ್ಲ?" ಅಂದ.

ನೀನು ಕಾಲಲ್ಲಿ ಬಾರಿಸೋ ಬೇಸ್ ಡ್ರಮ್ಮಲ್ಲಿ ಹುಡುಕ್ತಿದೀಯ ಕಣೋ, ತಾಳ ಇರೋದು ಮೇಲೆ, ಸಿಂಬಲ್ಲಲ್ಲಿ. ಹಳೇ ಸ್ವಿಂಗ್ (ಕುಣಿತದ ಜಾಝ್) ಬ್ಯಾಂಡುಗಳಲ್ಲಿ ನಾಲ್ಕೂ ಪೆಟ್ಟು ಕಾಲಿನದೇ. 1940ರ ಆಸುಪಾಸಿನಲ್ಲಿ ಡ್ರಮ್ಮರ್ ಕೆನ್ನಿ ಕ್ಲಾರ್ಕ್ ಅದನ್ನ ಬಲಗೈಯ ದೊಡ್ಡ ತಟ್ಟೆ, ರೈಡ್ ಸಿಂಬಲ್ಲಿಗೆ ಏರಿಸಿದರು, ರೋಚ್ ಬೆಳೆಸಿದರು. ಬಲಗಾಲು, ಎಡಗೈ ಎರಡಕ್ಕೂ ಬಿಡುವು ಸಿಕ್ಕಿತು, ಮಾತಾಡೋಕೆ.

ಅವನಿಗೆ ಮೃದಂಗದ ಪಾಠ ಸ್ವಲ್ಪ ಆಗಿದೆ, ಅನುಕೂಲವಾಯ್ತು. ತಿಶ್ರ ನಡೆ ಇಟ್ಕೋ, ಅಂದ್ರೆ ಪೆಟ್ಟಿಗೆ ಮೂರು ಅಕ್ಷರ. ಪ್ರತಿ ಪೆಟ್ಟಿಗೂ ತ-ಕಿ-ಟ. ರೈಡ್ ಮೇಲೆ ಒಂದು, ಮೂರನೇ ಪೆಟ್ಟಿನಲ್ಲಿ ಬರೀ 'ತ'. ಎರಡು, ನಾಲ್ಕರಲ್ಲಿ 'ತ', 'ಟ' ಎರಡೂ. 'ಕಿ' ಮನಸ್ಸಿನಲ್ಲಿ ಮಾತ್ರ. ಎಡಗಾಲಿನ ಹೈ-ಹ್ಯಾಟ್ (ಜೋಡಿ ಸಿಂಬಲ್) ಎರಡಕ್ಕೂ ನಾಲ್ಕಕ್ಕೂ ಮುಚ್ಚಬೇಕು. ಬೇಸ್ ಡ್ರಮ್ಮಿಗೆ ಬಡಿಯೋ ಬೀಟರ್ ಎರಡು ಬೆರಳಿನಷ್ಟು ಎದ್ದರೆ ಸಾಕು. ಕಿವಿಗೆ ಬೀಳಬಾರದು, ನಿಲ್ಲಿಸಿದಾಗ ಏನೋ ಕಳೆದುಹೋದ ಹಾಗೆ ಆಗಬೇಕು.

ಕೆಡುವುದು 'ಟ'ದಲ್ಲೇ. ಆತುರಕ್ಕೆ ಮುಂದಿನ ಪೆಟ್ಟಿಗೆ ಅಂಟಿಸಿಬಿಡ್ತಾರೆ, ಚತುರಶ್ರದ (ಪೆಟ್ಟಿಗೆ ನಾಲ್ಕು ಅಕ್ಷರ) ನಾಲ್ಕನೇ ಅಕ್ಷರದ ಜಾಗಕ್ಕೆ ಹೋಗಿ ಕುಂಟುತ್ತೆ. ವೇಗ ಏರಿದಂತೆ 'ತ', 'ಟ'ಗಳ ಅಂತರ ತಾನಾಗೇ ಸಮಕ್ಕೆ ಹತ್ತಿರ ಬರುತ್ತೆ. ಅಲ್ಲಿ ತಕಿಟ ಹಿಡಿದು ಜಗ್ಗಬಾರದು. ಟಿಕ್ ಟಿಕ್ ಅಂತ ಲಯ ಹಾಕೋ ಮೆಟ್ರೊನೋಮನ್ನ ನಿಮಿಷಕ್ಕೆ 60ಕ್ಕಿಟ್ಟು ಆ ಟಿಕ್ಕನ್ನ ಎರಡು, ನಾಲ್ಕು ಅಂತ ಎಣಿಸಿದರೆ 120ರ ಓಟ ಸಿಗುತ್ತೆ. ಹುಡುಗ ಮೂರು ಆವರ್ತಕ್ಕೇ ಟಿಕ್ಕನ್ನ ಒಂದು, ಮೂರಕ್ಕೆ ತಿರುಗಿಸಿಕೊಂಡ. ಎಲ್ಲರೂ ತಿರುಗಿಸಿಕೊಳ್ತಾರೆ.

"ಮತ್ತೆ ಲೀಡರ್ ಮಾಡೋದೇನು ಸರ್?"

1956ರ ಜೂನ್ ನೆನಪಾಯ್ತು. ಟ್ರಂಪೆಟ್‌ನ ಕ್ಲಿಫರ್ಡ್ ಬ್ರೌನ್, ಪಿಯಾನೊದ ರಿಚೀ ಪೊವೆಲ್, ಇಬ್ಬರೂ ಒಂದೇ ಕಾರ್ ಅಪಘಾತದಲ್ಲಿ ಹೋದರು. ಬ್ರೌನ್‌ಗೆ 25. ರೋಚ್ ಜೊತೆ ಸೇರಿ ಐದು ಜನರ ಬ್ಯಾಂಡ್ ನಡೆಸ್ತಿದ್ದವರು. ರೋಚ್‌ಗೆ ಆಗ 32. ಸ್ಯಾಕ್ಸೊಫೋನಿನ ಸನ್ನಿ ರಾಲಿನ್ಸ್ ಉಳಿದರು, ಟ್ರಂಪೆಟ್‌ಗೆ ಕೆನ್ನಿ ಡಾರ್ಹಮ್ ಬಂದರು, ಬ್ಯಾಂಡ್ ಮುಂದುವರಿಯಿತು. ಹೊಸಬ ಬಂದು ಕೂತಾಗ ಅವನ ಉಸಿರಿಗೆ ಜಾಗ ಬಿಟ್ಟು ಬಾರಿಸೋದು, ಲೀಡರ್ ಕೆಲಸ ಅದೇ ಇರಬೇಕು. 1970ರ ದಶಕದಲ್ಲಿ ರೋಚ್ ಅಮೆರಿಕದ ಆಮ್ಹರ್ಸ್ಟ್‌ನ ವಿಶ್ವವಿದ್ಯಾಲಯದಲ್ಲಿ ಪಾಠಕ್ಕೂ ನಿಂತರು. ಹುಡುಗನಿಗೆ ಇದನ್ನೆಲ್ಲ ಹೇಳಲಿಲ್ಲ. ಅವನು ಆಗಲೇ ಕೋಲು ಬಿಟ್ಟು ತಂತಿಯ ಬ್ರಷ್ ಕೈಗೆತ್ತಿಕೊಂಡಿದ್ದ.

ಬ್ರಷ್‌ಗೆ ಒರಟು ಲೇಪದ ಹೆಡ್ಡೇ (ಡ್ರಮ್ಮಿನ ಮೇಲಿನ ಹೊದಿಕೆ) ಬೇಕು, ನುಣುಪು ಪ್ಲಾಸ್ಟಿಕ್ಕಿನ ಮೇಲೆ ಎಷ್ಟು ಸುತ್ತಿದರೂ ಸದ್ದಿಲ್ಲ. ಮೃದಂಗದ ಚರ್ಮದ ಹಾಗೆ ಈ ಹೆಡ್ ಮಲೆನಾಡಿನ ತಂಡಿಗೆ ಸಡಿಲವಾಗಲ್ಲ, ಅಷ್ಟು ನೆಮ್ಮದಿ. ಆದರೆ ಬ್ರಷ್ಷಿನ ತಂತಿಗೆ ತುಕ್ಕು ಬಂದಿದೆ. ಎಣ್ಣೆ ಹಚ್ಚಿದರೆ ಹೆಡ್ಡಿಗೆ ಮೆತ್ತುತ್ತೆ, ಹಾಗೇ ಬಿಟ್ಟರೆ ಲೇಪ ಕೆರೆಯುತ್ತೆ. ಅಕ್ಕಿ ಡಬ್ಬಿಯಲ್ಲಿ ಹುದುಗಿಸಿಟ್ಟರೆ ತೇವ ಎಳೆಯುತ್ತೇನೋ, ಆದರೆ ಆ ಅಕ್ಕಿಯನ್ನ ಆಮೇಲೆ...