ಕ್ಯೂಸಿ ಪಾಸ್, ನಾನು ಫೇಲ್

"ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಯಾರಿದ್ದೀರಿ? ಈ ಥೈರಾಯ್ಡ್ ರಿಪೋರ್ಟ್ ವೆರಿಫೈ ಮಾಡಿದ್ದು ಯಾರು?"

ನಾನೇ. ಫೋನಿನಲ್ಲಿ ಡಾಕ್ಟರ ದನಿ ಕೇಳಿದಾಗಲೇ ಗೊತ್ತಾಯಿತು, ಇದು ಸುಮ್ಮನೆ ಮುಗಿಯುವ ಕಾಲ್ ಅಲ್ಲ ಅಂತ.

"ಟಿಎಸ್‌ಎಚ್ 0.02 ಕೊಟ್ಟಿದ್ದೀರಿ. ಫ್ರೀ ಟಿ4 ಹೈ. ಪೇಷೆಂಟ್ ಅಮ್ಮ ನನ್ನೆದುರಿಗೇ ಕೂತಿದ್ದಾರೆ. ಪಲ್ಸ್ 52, ಮುಖ ಊದಿದೆ, ಫ್ಯಾನ್ ಆಫ್ ಮಾಡಿ ಅಂತಿದ್ದಾರೆ. ನಿಮ್ಮ ರಿಪೋರ್ಟ್ ನಿಜ ಆಗಿದ್ದರೆ ಇವರು ಬೆವರುತ್ತಾ ಎದೆ ಡವಡವ ಅಂತ ಕೂತಿರಬೇಕಿತ್ತು. ಯಾರ ಸ್ಯಾಂಪಲ್ ಹಾಕಿದ್ರಿ?"

ಫ್ರೀ ಟಿ4 ಥೈರಾಯ್ಡ್‌ನದೇ ಹಾರ್ಮೋನ್, ಟಿಎಸ್‌ಎಚ್ ಅಂದರೆ ಥೈರಾಯ್ಡ್‌ಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್. ಮೊದಲನೆಯದು ಹೆಚ್ಚಾದರೆ ಟಿಎಸ್‌ಎಚ್ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ.

"ಕ್ಯೂಸಿ ಪಾಸ್ ಆಗಿದೆ ಸರ್" ಅಂದೆ. ಕ್ಯೂಸಿ ಅಂದರೆ ಕ್ವಾಲಿಟಿ ಕಂಟ್ರೋಲ್, ಉತ್ತರ ಮೊದಲೇ ಗೊತ್ತಿರುವ ಬಾಟಲಿಯ ಸ್ಯಾಂಪಲ್ ಹಾಕಿ ಮೆಷಿನ್ ಸರಿ ಇದೆಯಾ ಅಂತ ನೋಡುವುದು. ಈಗ ನೆನೆಸಿಕೊಂಡರೆ ನಾಚಿಕೆಯಾಗುವುದು ಆ ಮಾತಿಗಿಂತ ಅದನ್ನು ಹೇಳಿದ ಧಾಟಿಗೆ. ಅಷ್ಟು ಗತ್ತು.

ರೀರನ್ ಹಾಕಿದೆ. 18 ನಿಮಿಷ. ಅಷ್ಟೂ ಹೊತ್ತು ನಾನು ಯೋಚಿಸಿದ್ದು ಒಂದೇ: ಬ್ಲಡ್ ತೆಗೆದ ಹುಡುಗಿ ಟ್ಯೂಬ್ ಅದಲುಬದಲು ಮಾಡಿರಬೇಕು. ಕಲೆಕ್ಷನ್‌ಗೆ ಹೋಗಿ ಅವಳನ್ನು ನಾಲ್ಕು ಜನರ ಎದುರು ವಿಚಾರಿಸಿದ್ದೂ ಆಯಿತು. ಬಾರ್‌ಕೋಡ್ ಸರಿ ಇತ್ತು, ಹೆಸರು ಸರಿ ಇತ್ತು, ಟೈಮೂ ಸರಿ ಇತ್ತು. ಪಾಪ, ಅವಳು ಒಂದು ಮಾತೂ ಆಡಲಿಲ್ಲ. ವಾಪಸ್ ಬಂದರೆ ಸ್ಕ್ರೀನ್ ಮೇಲೆ ಮತ್ತೆ 0.02. ಇನ್ನೊಮ್ಮೆ ಹಾಕಿದೆ. ಅದೇ. ನನಗೆ ಒಳಗೊಳಗೇ ಖುಷಿಯಾಯಿತು ಅಂತ ಒಪ್ಪಿಕೊಳ್ಳಲೇಬೇಕು. ಗೆದ್ದೆ ಅಂದುಕೊಂಡು ಫೋನ್ ಮಾಡಿದೆ.

"ರಿಪೋರ್ಟ್ ಸರಿ ಇದೆ ಸರ್."

"ಹಾಗಾದ್ರೆ ಪೇಷೆಂಟ್ ತಪ್ಪಾ?"

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಹಳೆಯ ರಿಪೋರ್ಟ್ ತೆಗೆದು ನೋಡಿದೆ. ಆರು ವಾರದ ಹಿಂದೆಯೂ ಇದೇ ಅಮ್ಮನ ಟಿಎಸ್‌ಎಚ್ 0.03 ಬಂದಿತ್ತು. ಅದರ ಹಿಂದಿನದು 3.1, ನಾರ್ಮಲ್. ಹಿಂದಿನದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ ನೋಡು ಅಂತ ಸಿಸ್ಟಮ್ ಡೆಲ್ಟಾ ಚೆಕ್ ಫ್ಲ್ಯಾಗ್ ಹಾಕಿತ್ತು, ಕೆಂಪು ಬಣ್ಣದಲ್ಲಿ. ಅದನ್ನು ಅಕ್ಸೆಪ್ಟ್ ಮಾಡಿದ ಜಾಗದಲ್ಲಿ ನನ್ನದೇ ಐಡಿ. ಅವತ್ತು ರಿಪೋರ್ಟ್ ಕೊಡಬೇಕಾದ ಟೈಮ್ ಮೀರುತ್ತಿತ್ತು, ಕ್ಯೂ ಉದ್ದ ಇತ್ತು, ಮೇಲಿನವರು ಗ್ರೂಪಿನಲ್ಲಿ ಪ್ರತಿ ಗಂಟೆಗೂ ಪೆಂಡಿಂಗ್ ಲಿಸ್ಟ್ ಹಾಕುತ್ತಿದ್ದರು. ಇವೆಲ್ಲ ನಿಜ. ಆದರೆ ಬಟನ್ ಒತ್ತಿದ್ದು ನನ್ನ ಬೆರಳೇ ಅಲ್ವಾ? ಆ ರಿಪೋರ್ಟ್ ನಂಬಿಕೊಂಡು ಡಾಕ್ಟರು ಥೈರಾಯ್ಡ್ ಮಾತ್ರೆಯನ್ನು 100 ಮೈಕ್ರೋಗ್ರಾಮಿನಿಂದ 50ಕ್ಕೆ ಇಳಿಸಿದ್ದರು. ಆರು ವಾರ ಆ ಅಮ್ಮ ಅರ್ಧ ಡೋಸಿನಲ್ಲಿ ಊದಿಕೊಂಡು, ನಡುಗಿಕೊಂಡು, ಕೂತಲ್ಲೇ ತೂಕಡಿಸಿಕೊಂಡು ಇದ್ದರು. ವಯಸ್ಸಾಯಿತು ಅಂತ ಮನೆಯವರೂ ಸುಮ್ಮನಿದ್ದರು.

ಸೀನಿಯರ್ ಮೇಡಂ ಹಿಂದೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ಮೂರು ಸಲ ಮೆಷಿನ್‌ಗೆ ಹಾಕಿದ್ಯಲ್ಲ, ಒಂದು ಸಲ ಆ ಅಮ್ಮನ್ನ ಮಾತಾಡಿಸಿದ್ಯಾ? ಏನೇನು ತಗೋತಾರೆ ಕೇಳು."

ಮಗಳಿಗೆ ಫೋನ್ ಮಾಡಿದೆ. ಶುಗರ್ ಮಾತ್ರೆ, ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ. ಬೇರೆ ಏನಾದರೂ? "ಇಲ್ಲ ಸರ್, ಅಷ್ಟೇ." ಮೇಡಂ ನನ್ನ ಕೈಯಿಂದ ಫೋನ್ ತೆಗೆದುಕೊಂಡರು. "ಕೂದಲಿಗೆ, ಮಂಡಿಗೆ, ಶಕ್ತಿಗೆ ಅಂತ ನೀವೇನಾದ್ರೂ ತಂದುಕೊಟ್ಟಿದ್ದೀರಾ ಅಮ್ಮನಿಗೆ?"

"ಹಾಂ, ಕೂದಲು ತುಂಬಾ ಉದುರುತ್ತೆ ಅಂತಿದ್ರು, ಅದಕ್ಕೆ ಬಯೋಟಿನ್. ಅದು ಬರೀ ವಿಟಮಿನ್ ಅಲ್ವಾ? ಎರಡು ತಿಂಗಳಾಯ್ತು."

ಲೇಬಲ್ ಓದಿಸಿದರು. 10,000 ಮೈಕ್ರೋಗ್ರಾಂ. ದೊಡ್ಡವರಿಗೆ ದಿನಕ್ಕೆ ಸಾಕಾಗುವುದು 30 ಮೈಕ್ರೋಗ್ರಾಂ. ಮುನ್ನೂರು ಪಟ್ಟಿಗಿಂತ ಜಾಸ್ತಿ.

ನಮ್ಮ ಕಿಟ್‌ನಲ್ಲಿ ಟಿಎಸ್‌ಎಚ್ ಹಿಡಿದು ನಿಲ್ಲಿಸುವ ಕೊಂಡಿಯೇ ಬಯೋಟಿನ್. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಅದು ಮೊದಲೇ ಬಂದು ಕರ್ಚೀಫ್ ಹಾಕಿ ಸೀಟು ಹಿಡಿದುಬಿಡುತ್ತದೆ. ಸಿಗ್ನಲ್ ಬೀಳುತ್ತದೆ, ಟಿಎಸ್‌ಎಚ್ ಇಲ್ಲವೇ ಇಲ್ಲ ಅನ್ನುವ ಹಾಗೆ ಕಾಣುತ್ತದೆ. ಫ್ರೀ ಟಿ4ರ ಲೆಕ್ಕ ಉಲ್ಟಾ, ಅಲ್ಲಿ ಸಿಗ್ನಲ್ ಕಡಿಮೆ ಅಂದರೆ ಹಾರ್ಮೋನ್ ಜಾಸ್ತಿ. ಎರಡೂ ಸೇರಿ ಥೈರಾಯ್ಡ್ ಮಾತ್ರೆ ಹೆಚ್ಚಾಗಿದೆ ಅಂತ ಅಚ್ಚುಕಟ್ಟಾಗಿ ಸುಳ್ಳು ಹೇಳುತ್ತವೆ. ಕ್ಯೂಸಿ ಪಾಸ್ ಆಗದೆ ಇನ್ನೇನು? ಕ್ಯೂಸಿ ಬಾಟಲಿಯೇನು ಕೂದಲಿಗೆ ಮಾತ್ರೆ ನುಂಗುತ್ತಾ?

ಅದೇ ಸ್ಯಾಂಪಲ್ಲನ್ನು ಬಯೋಟಿನ್ ಬಳಸದ ಬೇರೆ ಮೆಥಡ್‌ಗೆ ಕಳಿಸಿದೆವು. ಟಿಎಸ್‌ಎಚ್ 41.

ಇನ್ನೂ ಚುಚ್ಚುವುದು ಬೇರೆ. ಕಿಟ್ ಜೊತೆ ಬರುವ ಸೂಚನೆಯ ಹಾಳೆ ಡ್ರಾಯರಿನಲ್ಲೇ ಇತ್ತು, ಗ್ಲೋವ್ಸ್ ಡಬ್ಬದ ಕೆಳಗೆ, ಮಡಿಕೆ ಕೂಡ ಬಿಚ್ಚದೆ. ದಿನಕ್ಕೆ 5 ಮಿಲಿಗ್ರಾಮಿಗಿಂತ ಹೆಚ್ಚು ಬಯೋಟಿನ್ ತಗೊಳ್ಳುವವರಾದರೆ ಕಡೆಯ ಡೋಸ್ ಆಗಿ ಕನಿಷ್ಠ 8 ಗಂಟೆ ಬಿಟ್ಟು ರಕ್ತ ತೆಗೆಯಿರಿ ಅಂತ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ. ಈ ಅಮ್ಮನಿಗೆ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಬೇರೆ 2.1, ಜಾಸ್ತಿ. ಕಿಡ್ನಿ ನಿಧಾನವಾದರೆ ಬಯೋಟಿನ್ ಹೊರಹೋಗುವುದೂ ನಿಧಾನ, ಆ 8 ಗಂಟೆಯೂ ಸಾಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಹಾರ್ಟ್ ಅಟ್ಯಾಕ್ ಪತ್ತೆಗೆ ಮಾಡುವ ಟ್ರೊಪೋನಿನ್ ಸುಳ್ಳಾಗಿ ಕಡಿಮೆ ಬಂದು, ಬಯೋಟಿನ್ ತಗೊಳ್ಳುತ್ತಿದ್ದ ಒಬ್ಬರು ತೀರಿಕೊಂಡ ವರದಿ ಅದರಲ್ಲಿತ್ತು. 2019ರಲ್ಲಿ ಮತ್ತೊಮ್ಮೆ ಹೇಳಿದರು. ಈಗ ಕೆಲವು ಕಿಟ್‌ಗಳಲ್ಲಿ ಈ ತೊಂದರೆ ಕಡಿಮೆ ಮಾಡಿದ್ದಾರೆ. ಎಲ್ಲದರಲ್ಲೂ ಅಲ್ಲ.

ಮಗಳು ಮರುದಿನ ಬಾಟಲಿ ಹಿಡಿದುಕೊಂಡೇ ಬಂದಳು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವಳು ನೋಡಿ ಆರಿಸಿದ್ದಳು: ಅಮ್ಮನಿಗೆ ಶುಗರ್ ಇದೆ ಅಂತ ಸಕ್ಕರೆ ಇಲ್ಲದ್ದು, ಬಿಪಿ ಇದೆ ಅಂತ ಸೋಡಿಯಂ ಇಲ್ಲದ್ದು. "ಹೆಚ್ಚಾದ್ರೆ ಮೂತ್ರದಲ್ಲಿ ಹೋಗುತ್ತೆ, ಏನೂ ಆಗಲ್ಲ ಅಂದ್ರು ಸರ್." ಹೋಗುತ್ತದೆ, ಆದರೆ ಹೋಗುವ ಮುಂಚೆ ನನ್ನ ಮೆಷಿನ್ ಹಾದು ಹೋಗುತ್ತದೆ.

ಡಾಕ್ಟರು ಅವಳಿಗೆ ಹೇಳಿದ್ದನ್ನು ನಾನೂ ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ಕೂದಲು ಉದುರುವುದಕ್ಕೆ ಥೈರಾಯ್ಡ್ ಏರುಪೇರೇ ಕಾರಣ ಇರಬಹುದು, ಐರನ್ ಕಡಿಮೆಯಾಗಿರಬಹುದು, ಮೊದಲು ಅದನ್ನು ನೋಡೋಣ. ವರ್ಷಗಟ್ಟಲೆ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ ವಿಟಮಿನ್ ಬಿ12 ಇಳಿಯಬಹುದು. ಹಾಗಿದ್ದರೆ ಟೆಸ್ಟ್ ಮಾಡಿ ಅದನ್ನು ಕೊಡುವುದರಲ್ಲಿ ಅರ್ಥ ಇದೆ. ಕಿಡ್ನಿ ಸೋತವರಿಗೆ ಪೊಟ್ಯಾಸಿಯಂ, ಮೆಗ್ನೀಸಿಯಂ ಇರುವ ಪುಡಿ ಕೇಳದೆ ಕೊಡಬೇಡಿ, ಸೋಡಿಯಂ ಕಡಿಮೆ ಅಂತ ಮಾರುವ ಉಪ್ಪಿನಲ್ಲೂ ಪೊಟ್ಯಾಸಿಯಂ ಇರುತ್ತದೆ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತಗೊಳ್ಳುವವರಾದರೆ ವಿಟಮಿನ್ ಕೆ ನೋಡಿ. ಕ್ಯಾಲ್ಸಿಯಂ, ಐರನ್ ಎರಡೂ ಥೈರಾಯ್ಡ್ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತವೆ, ನಡುವೆ 4 ಗಂಟೆ ಬಿಡಿ. ಲೇಬಲ್ಲಿನ ಮುಂದಿನ ಭಾಗ ಬಿಟ್ಟು ಹಿಂದಿನ ಭಾಗದ ಫೋಟೋ ತೆಗೆದು ತನ್ನಿ.

ಬಯೋಟಿನ್ ನಿಲ್ಲಿಸಿ ಮಾತ್ರೆ ಮತ್ತೆ 100ಕ್ಕೆ ಬಂತು. ಎರಡು ತಿಂಗಳಿಗೆ ಅಮ್ಮ ಕಲೆಕ್ಷನ್ ಹುಡುಗಿಯ ಜೊತೆ ನಗುತ್ತಾ ಮಾತಾಡುವಷ್ಟಾದರು. ಆ ಹುಡುಗಿ ನನ್ನ ಜೊತೆ ಇನ್ನೂ ಅಷ್ಟು ನಗುವುದಿಲ್ಲ.

ರಿಕ್ವೆಸ್ಟ್ ಫಾರ್ಮಿನಲ್ಲಿ ಸಪ್ಲಿಮೆಂಟ್ ಅಂತ ಒಂದು ಕಾಲಂ ಹಾಕಿಕೊಡಿ ಅಂತ ಮೇಲ್ ಹಾಕಿದೆ. ಮುಂದಿನ ವರ್ಷನ್‌ನಲ್ಲಿ ನೋಡೋಣ ಅಂದರು. ಕಾಯದೆ ಕೈಯಲ್ಲೇ ಬರೆದು ಕೌಂಟರಿಗೆ ಅಂಟಿಸಿದೆ: "ಬೇರೆ ಏನಾದರೂ ತಗೊಳ್ಳುತ್ತೀರಾ?" ಮೊದಲ ದಿನವೇ ಒಬ್ಬ ಹಿರಿಯರು ಸಿಟ್ಟಾದರು: "ನನಗೆ ಆ ಚಟ ಇಲ್ಲ!" ಚೀಟಿ ಕಿತ್ತು ಮೇಡಂ ಕೇಳಿದ ಮಾತನ್ನೇ ಬರೆದೆ, ಕೂದಲಿಗೆ, ಮಂಡಿಗೆ, ಶಕ್ತಿಗೆ.

ಅವತ್ತು ರಾತ್ರಿ ನಮ್ಮಮ್ಮನಿಗೂ ಫೋನ್ ಮಾಡಿ ಅದನ್ನೇ ಕೇಳಿದೆ.

"ಇನ್ನೇನು, ನೀನೇ ಕಳಿಸಿದ್ದ ಕ್ಯಾಲ್ಸಿಯಂ. ಮರೆಯಬಾರದು ಅಂತ ಬೆಳಿಗ್ಗೆ ಎದ್ದ ತಕ್ಷಣ ಥೈರಾಯ್ಡ್ ಮಾತ್ರೆ ಜೊತೆಗೇ ನುಂಗಿಬಿಡ್ತೀನಿ."