ಮೆಕೇಲ್ ಸೆಂಟರಿನ 25ನೇ ನಂಬರ್ ಹುಡುಗ

ಅರಿಜೋನಾ ಯೂನಿವರ್ಸಿಟಿಯ ಬಾಸ್ಕೆಟ್‌ಬಾಲ್ ಸ್ಟೇಡಿಯಂ ಮೆಕೇಲ್ ಸೆಂಟರಲ್ಲಿ ಮೈಕ್ ಹಿಡಿದು ಆಟಗಾರರ ಹೆಸರು ಹೇಳೋನು ಎಲ್ಲರ ಹೆಸರೂ ಹೇಳೋ ಹಾಗೆ ಹೇಳ್ತಿದ್ದ, ಆದ್ರೆ ಒಬ್ಬನ ಹೆಸರು ಬಂದಾಗ ಮಾತ್ರ "ಸ್ಟೀಈಈಈವ್ ಕರ್ರ್ರ್" ಅಂತ ರಾಗ ಎಳೀತಿದ್ದ, ಅದು ಮುಗಿಯೋದ್ರೊಳಗೆ ಇಡೀ ಸ್ಟೇಡಿಯಂ ಅದೇ ರಾಗದಲ್ಲಿ ವಾಪಸ್ ಕೂಗ್ತಿತ್ತು. ನಮ್ಮ ದುಗ್ಗಮ್ಮನ ಜಾತ್ರೇಲಿ ಒಬ್ರು "ಉಧೋ" ಅಂದ್ರೆ ಬೀದಿಯ ಆ ತುದಿತನಕ ಉಧೋ ಉಧೋ ಅಂತ ಹೋಗುತ್ತಲ್ಲ, ಹಂಗೇ. ಮೊದಲ ಸಲ ಕೇಳಿದಾಗ ನಂಗೆ ಮೈ ಜುಮ್ ಅಂದಿತ್ತು, ಈಗ ಇದನ್ನ ಬರೆಯೋವಾಗಲೂ ಅನ್ನುತ್ತೆ.

ದಾವಣಗೆರೆಯಲ್ಲಿ ಬಿ.ಇ. ಮುಗಿಸಿ 1986ರ ಆಗಸ್ಟಲ್ಲಿ ನಾನು ಎಂ.ಎಸ್. ಮಾಡೋಕೆ ಅರಿಜೋನಾ ಯೂನಿವರ್ಸಿಟಿಗೆ ಹೋದೆ, ಟೂಸಾನ್ ಅಂತ ಊರು. ಮರುಭೂಮಿ. ನಾಲ್ಕೂ ಕಡೆ ಬೆಟ್ಟ, ಬೆಟ್ಟದ ಮೇಲೆಲ್ಲ ಕೈ ಎತ್ತಿ ನಿಂತ ಮನುಷ್ಯರ ಥರ ಸಗುವಾರೋ ಕಳ್ಳಿ, ಬಿಸಿಲು ನಮ್ಮ ರಾಯಚೂರನ್ನ ಮರೆಸೋವಂಥದ್ದು. ಕ್ಯಾಂಪಸ್ಸಲ್ಲಿ ಒಂದು ಹಳೇ ಜಿಮ್ ಇದೆ, ಅದರ ಸೂರಿನ ಮೇಲೆ ದೊಡ್ಡ ಅಕ್ಷರದಲ್ಲಿ "ಬೇರ್ ಡೌನ್" ಅಂತ ಬರೆದಿದೆ. ಜಾನ್ ಸಾಲ್ಮನ್ ಅಂತ ಒಬ್ಬ ಸ್ಟೂಡೆಂಟ್ 1926ರಲ್ಲಿ ಕಾರ್ ಆಕ್ಸಿಡೆಂಟ್ ಆಗಿ ಆಸ್ಪತ್ರೇಲಿ ಸಾಯೋ ಸ್ಥಿತೀಲಿದ್ದಾಗ ಟೀಮಿನವರಿಗೆ ಹೇಳಿ ಕಳಿಸಿದ ಮಾತಂತೆ ಅದು, ಹಲ್ಲು ಕಚ್ಚಿ ಆಡಿ ಅನ್ನೋ ಅರ್ಥ. ಹೊಸಬರಿಗೆಲ್ಲ ಮೊದಲು ಹೇಳೋ ಕಥೆ ಅದು. ಎರಡನೇ ಕಥೆ ಸ್ಟೀವ್ ಕರ್‌ದು.

ನಂಗೆ ಅದನ್ನ ಹೇಳಿದ್ದು ನಾನು ಬಾಡಿಗೆಗಿದ್ದ ಮನೆಯ ಅಜ್ಜಿ. ಅಡುಗೆಮನೇಲಿ ಫ್ರಿಜ್ ಮೇಲೆ ಒಂದು ರೇಡಿಯೋ, ಮ್ಯಾಚ್ ಇರೋ ದಿನ ಆಕೆ ಯಾರ ಜೊತೆಗೂ ಮಾತಾಡ್ತಿರಲಿಲ್ಲ. ಆ ವರ್ಷ ಕರ್ ಆಡ್ತಾನೇ ಇರಲಿಲ್ಲ, ಬೇಸಿಗೇಲಿ ಸ್ಪೇನಲ್ಲಿ ವರ್ಲ್ಡ್ ಚಾಂಪಿಯನ್‌ಶಿಪ್ ಆಡೋಕೆ ಅಮೆರಿಕ ಟೀಮ್ ಜೊತೆ ಹೋದವನು ಮಂಡಿ ಮುರ್ಕೊಂಡು ಬಂದಿದ್ದ. ಇನ್ನು ಇವನ ಆಟ ಮುಗೀತು ಅಂದವರೂ ಇದ್ರು. ಆಡದೇ ಇರೋ ಹುಡುಗನ ಬಗ್ಗೆ ಊರೆಲ್ಲ ಯಾಕೆ ಇಷ್ಟು ಮಾತಾಡುತ್ತೆ ಅಂತ ನಾನು ಅಜ್ಜೀನ ಕೇಳಿದೆ. ಆಕೆ ಒರೆಸ್ತಿದ್ದ ತಟ್ಟೆ ಕೆಳಗಿಟ್ಟು, ಕೈ ಒರೆಸ್ಕೊಂಡು, ಕುರ್ಚಿ ಎಳ್ಕೊಂಡು ಕೂತು ಹೇಳಿದ್ರು.

ಟೂಸಾನ್ ಬಾಸ್ಕೆಟ್‌ಬಾಲ್ ಆಗ ಪೂರ್ತಿ ನೆಲಕಚ್ಚಿತ್ತು. 1982-83ರ ಸೀಸನ್ನಲ್ಲಿ 4 ಗೆಲುವು, 24 ಸೋಲು. ಆಮೇಲೆ ಅಯೋವಾದಿಂದ ಲ್ಯೂಟ್ ಓಲ್ಸನ್ ಅಂತ ಬೆಳ್ಳಿಕೂದಲ ಕೋಚ್ ಬಂದ್ರು. ಟೀಮ್ ಕಟ್ಟಬೇಕು, ಟೈಮಿಲ್ಲ, ಸ್ಕಾಲರ್‌ಶಿಪ್ ಮಿಕ್ಕಿದೆ, ಒಳ್ಳೊಳ್ಳೆ ಹುಡುಗರನ್ನೆಲ್ಲ ಬೇರೆಯವರು ಆಗಲೇ ಕರ್ಕೊಂಡು ಹೋಗಿದಾರೆ. ಲಾಸ್ ಏಂಜಲೀಸ್ ಕಡೆಯ ಒಬ್ಬ ತೆಳ್ಳಗಿನ ಹುಡುಗ, ಓಟ ನಿಧಾನ, ಎಗರೋದು ಅಷ್ಟಕ್ಕಷ್ಟೇ, ದೊಡ್ಡ ಕಾಲೇಜುಗಳು ಯಾವುವೂ ಅವನ ಕಡೆ ತಿರುಗಿ ನೋಡಿರಲಿಲ್ಲ. ಓಲ್ಸನ್ ಹೆಂಡತಿ ಬಾಬಿ ಅವರು ಇವನ ಆಟ ನೋಡಿ "ಏನು, ತಮಾಷೆ ಮಾಡ್ತಿದೀರಾ?" ಅಂತ ಗಂಡನ್ನ ಕೇಳಿದ್ರಂತೆ. ಆದ್ರೆ ಹುಡುಗ ಚೆಂಡು ಎಸೆದ್ರೆ ಬುಟ್ಟಿಗೆ ಬೀಳ್ತಿತ್ತು, ಓಲ್ಸನ್‌ಗೆ ಅಷ್ಟು ಸಾಕಾಯ್ತು.

ಬಂದು ಅರ್ಧ ವರ್ಷಾನೂ ಆಗಿರಲಿಲ್ಲ. 1984ರ ಜನವರಿ 18, ಬೈರೂತಲ್ಲಿ ಅವನ ಅಪ್ಪ ಮಾಲ್ಕಮ್ ಕರ್ ಅವರನ್ನ ಅವರ ಆಫೀಸಿನ ಹೊರಗಡೆನೇ ಗುಂಡಿಟ್ಟು ಕೊಂದ್ರು. ಅಲ್ಲಿಯ ಅಮೆರಿಕನ್ ಯೂನಿವರ್ಸಿಟಿಗೆ ಪ್ರೆಸಿಡೆಂಟ್ ಆಗಿದ್ರು ಅವರು, ಸ್ಟೀವ್ ಹುಟ್ಟಿದ್ದೂ ಬೈರೂತಲ್ಲೇ. ಹಾಸ್ಟೆಲಲ್ಲಿ ಮಲಗಿದ್ದ ಹದಿನೆಂಟು ವರ್ಷದ ಹುಡುಗನಿಗೆ ನಡುರಾತ್ರಿ ಫೋನ್ ಬಂತು. ಎರಡು ದಿನ ಬಿಟ್ಟು ಅದೇ ರಾಜ್ಯದ ಇನ್ನೊಂದು ಯೂನಿವರ್ಸಿಟಿ ಅರಿಜೋನಾ ಸ್ಟೇಟ್ ಜೊತೆ ಮ್ಯಾಚ್. ಆಡ್ತೀನಿ ಅಂದ. ಮ್ಯಾಚಿಗೆ ಮೊದಲು ಎಲ್ಲರೂ ಎದ್ದು ಮೌನ ಆಚರಿಸಿದಾಗ ಹುಡುಗ ಅಲ್ಲೇ ನಿಂತು ಅಳ್ತಿದ್ದ, ಆಮೇಲೆ ಬೆಂಚಿಂದ ಎದ್ದು ಒಳಗೆ ಹೋಗಿ ಮೊದಲ ಶಾಟನ್ನೇ ಹಾಕಿದ. ಆವತ್ತು 12 ಪಾಯಿಂಟ್ ಹೊಡೆದ, ಟೀಮ್ ಸಲೀಸಾಗಿ ಗೆದ್ದಿತು. ಅಜ್ಜಿ ಆವತ್ತು ಅಲ್ಲಿದ್ರು. "ಚಪ್ಪಾಳೆ ಹೊಡೀಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ ಕಣಪ್ಪಾ, ಎರಡೂ ಮಾಡಿದ್ವಿ" ಅಂದ್ರು. ಆಮೇಲೆ ಎದ್ದು ಉಳಿದ ತಟ್ಟೆ ಒರೆಸೋಕೆ ಹೋದ್ರು, ನನ್ನ ಕಡೆ ತಿರುಗಲಿಲ್ಲ.

ನನ್ನ ಪ್ರಕಾರ ಅರಿಜೋನಾ ಬಾಸ್ಕೆಟ್‌ಬಾಲ್ ನಿಜವಾಗಿ ಹುಟ್ಟಿದ್ದು ಆವತ್ತು. ಇದಕ್ಕೆ ಒಪ್ಪದವರು ಬಹಳ ಜನ ಇದಾರೆ, ಶಾನ್ ಎಲಿಯಟ್ ಹೆಸರು ಹೇಳ್ತಾರೆ, ಎಲಿಯಟ್ ಅವನಿಗಿಂತ ದೊಡ್ಡ ಆಟಗಾರ ಅನ್ನೋದ್ರಲ್ಲಿ ನಂಗೂ ಡೌಟಿಲ್ಲ, ಟೂಸಾನ್ ಊರಿನವನೇ ಬೇರೆ. ಆದ್ರೆ ಎಲಿಯಟ್ ಬರೋಕೆ ಮುಂಚೆ, 4-24 ಅಂತ ಸೋತು ಮಲಗಿದ್ದ ಟೀಮಿನ ಜೊತೆ ಊರು ಮತ್ತೆ ಬಂದು ಕೂತಿದ್ದು ಆ ಒಬ್ಬ ಹುಡುಗನಿಗೋಸ್ಕರ. ಅಪ್ಪ ಇಲ್ಲದ ಮಗು ಅಂತ ಊರು ಅವನನ್ನ ಮಡಿಲಿಗೆ ಹಾಕ್ಕೊಂಡಿತು. ಆ ರಾಗ ಎಳೆದು ಕೂಗೋದನ್ನ ಬರೀ ಗದ್ದಲ ಅಂತ ನಂಗೆ ಯಾವತ್ತೂ ಅನ್ಸಿಲ್ಲ.

1987-88. ಮಂಡಿಗೆ ಬ್ರೇಸ್ ಕಟ್ಕೊಂಡು ಅವನು ವಾಪಸ್ ಬಂದ, ನಾನು ಎರಡನೇ ವರ್ಷಕ್ಕೆ ಬಂದಿದ್ದೆ, ಥೀಸಿಸ್ ಬಾಕಿ ಇತ್ತು, ಆದ್ರೂ ಒಂದು ಹೋಮ್ ಮ್ಯಾಚೂ ಬಿಡಲಿಲ್ಲ. ನಮ್ಮ ಕಾಲೇಜಿನ ಮಣ್ಣಿನ ಕೋರ್ಟಲ್ಲಿ ಆಡಿದವನು ನಾನು, ಬೋರ್ಡಿಗೆ ಹೊಡೆದು ಒಳಗೆ ಹಾಕೋದೇ ನಮಗೆ ಶೂಟಿಂಗ್. ವಾರ್ಮಪ್‌ಗೆ ಮುಂಚೆನೇ ಹೋಗಿ ಕೂತ್ಕೊಂಡು ಅವನ ಕೈಯನ್ನೇ ನೋಡ್ತಿದ್ದೆ. ಚೆಂಡು ಕೈಗೆ ಬರೋ ಮೊದಲೇ ಕಾಲು ರೆಡಿ ಇರ್ತಿತ್ತು, ಎರಡೂ ಪಾದ ಬುಟ್ಟಿ ಕಡೆಗೆ. ಚೆಂಡು ಹಣೆ ಹತ್ರ ಒಂದು ಕ್ಷಣ, ಮೊಣಕೈ ಆಚೀಚೆ ಹೋಗ್ತಿರಲಿಲ್ಲ, ಎಗರೋದು ಕಡಿಮೆನೇ, ಬಿಟ್ಟ ಮೇಲೆ ಮಣಿಕಟ್ಟು ಬಾಗಿ ಕೈ ಹಾಗೇ ಮೇಲೆ ನಿಲ್ಲೋದು, ಚೆಂಡು ನೆಟ್ ಒಳಗಿಂದ ಬಿದ್ದ ಮೇಲೇನೇ ಇಳಿಯೋದು. ಮತ್ತೆ ಅದೇ. ಮತ್ತೆ ಅದೇ. ಪಕ್ಕದಲ್ಲಿದ್ದ ಗೆಳೆಯ ಬಿದ್ದಿದ್ದನ್ನ ಎಣಿಸೋಕೆ ಶುರು ಮಾಡಿ ಲೆಕ್ಕ ತಪ್ಪಿ, ಆಮೇಲೆ ಬೀಳದೇ ಇದ್ದಿದ್ದನ್ನ ಎಣಿಸೋದು ಸುಲಭ ಅಂದ.

ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಹೊಳೆಯಲ್ಲ. ಅಮೆರಿಕದಲ್ಲಿ ಹುಡುಗರ ಎಲ್ಲಾ ಕಾಲೇಜ್ ಆಟಕ್ಕೂ ತ್ರೀ ಪಾಯಿಂಟ್ ಗೆರೆ (ಅದರಾಚೆಯಿಂದ ಹಾಕಿದ್ರೆ ಎರಡರ ಬದಲು ಮೂರು ಪಾಯಿಂಟ್) ಬಂದಿದ್ದೇ 1986-87ರಲ್ಲಿ, 19 ಅಡಿ 9 ಇಂಚು ದೂರದಲ್ಲಿ. ಆ ವರ್ಷ ಇವನು ಮಂಡಿ ಹಿಡ್ಕೊಂಡು ಕೂತಿದ್ದ. ಮಂಡಿ ಹೋಗದೇ ಇದ್ದಿದ್ರೆ ಅದೇ ವರ್ಷ ಅವನ ಕಾಲೇಜ್ ಆಟ ಮುಗೀತಿತ್ತು, ಒಂದು ವರ್ಷ ಹೋಗಿದ್ದಕ್ಕೆ ಒಂದು ವರ್ಷ ಸಿಕ್ಕಿತು. ಆ ಒಂದೇ ವರ್ಷದಲ್ಲಿ ಅವನು 199 ತ್ರೀ ಎಸೆದು 114 ಹಾಕಿದ. ನೂರಕ್ಕೆ 57ಕ್ಕಿಂತ ಜಾಸ್ತಿ! ಗೆರೆ ಇಷ್ಟವಿಲ್ಲದ ಕೋಚ್‌ಗಳು ಆಗ ಬೇಕಾದಷ್ಟು ಜನ ಇದ್ರು, ಗಿಮಿಕ್ ಅಂತಿದ್ರು. ಇವನನ್ನ ಕಾಯೋಕೆ ಒಬ್ಬ ಯಾವಾಗಲೂ ದೂರ ನಿಲ್ಲಬೇಕಾಗೋದ್ರಿಂದ ಒಳಗಡೆ ಎಲಿಯಟ್‌ಗೂ ಟಾಮ್ ಟಾಲ್ಬರ್ಟ್‌ಗೂ ಜಾಗವೋ ಜಾಗ. ಈಗ ಇಡೀ ಪ್ರಪಂಚ ಆಡೋದು ಹಾಗೇ, ನಾವು ಅದನ್ನ 1988ರಲ್ಲೇ ನೋಡ್ತಿದ್ವಿ.

ಡಿಸೆಂಬರ್ 30ಕ್ಕೆ ಡ್ಯೂಕ್ ಯೂನಿವರ್ಸಿಟಿ ಟೀಮ್ ಬಂದಿತ್ತು. ಕ್ರಿಸ್‌ಮಸ್ ರಜಕ್ಕೆ ಅಮೆರಿಕನ್ ಹುಡುಗರೆಲ್ಲ ಊರಿಗೆ ಹೋಗಿದ್ರು, ಹೋಗೋಕೆ ದುಡ್ಡಿಲ್ಲದ ನಾವು ನಾಲ್ಕು ಜನ ಅಲ್ಲೇ ಅನ್ನ ಸಾರು ಮಾಡ್ಕೊಂಡು ಇದ್ವಿ, ಹಾಗಾಗಿ ನಮಗೆ ಟಿಕೆಟ್ ಸಿಕ್ಕಿತು. 91-85, ಗೆದ್ವಿ. ಹೊರಗೆ ಬಂದ್ರೆ ಮರುಭೂಮಿಯ ಚಳಿ, ಗಂಟಲಲ್ಲಿ ದನಿ ಇಲ್ಲ, ಮನೆಗೆ ನಡ್ಕೊಂಡೇ ಹೋದ್ವಿ. ಆ ಟಿಕೆಟ್ ಚೂರು ನನ್ನ ಥೀಸಿಸ್ ಕಾಪಿ ಒಳಗೆ ಇವತ್ತಿಗೂ ಇದೆ.

ಫೆಬ್ರವರಿ ಕೊನೇಲಿ ಅರಿಜೋನಾ ಸ್ಟೇಟ್ ಜೊತೆ ಅವರ ಊರು ಟೆಂಪಿಯಲ್ಲೇ ಮ್ಯಾಚ್. ವಾರ್ಮಪ್ ಹೊತ್ತಲ್ಲಿ ಎದುರು ಪಕ್ಷದ ಅಭಿಮಾನಿಗಳಲ್ಲಿ ಕೆಲವರು "ಪಿಎಲ್‌ಓ, ಪಿಎಲ್‌ಓ" ಅಂತ, ಅಂದ್ರೆ ಪ್ಯಾಲೆಸ್ಟೈನ್ ವಿಮೋಚನಾ ಸಂಘಟನೆಯ ಹೆಸರನ್ನ, ಅವನಿಗೆ ಕೇಳೋ ಹಾಗೆ ಕೂಗಿದ್ರು, ಸತ್ತ ಅಪ್ಪನ ಹೆಸರಲ್ಲಿ ಅಣಕಿಸಿದ್ರು. ಇಷ್ಟು ವರ್ಷ ಆದ್ಮೇಲೂ ಇದನ್ನ ಬರೆಯೋಕೆ ನಂಗೆ ಕೈ ಬರ್ತಿಲ್ಲ. ಅವನು ನಡುಗ್ತಾ ಬೆಂಚ್ ಮೇಲೆ ಕೂತುಬಿಟ್ನಂತೆ, ಕಣ್ಣಲ್ಲಿ ನೀರು. ಮ್ಯಾಚ್ ಶುರುವಾಯ್ತು. ನಾನು, ಅಜ್ಜಿ ಅಡುಗೆಮನೇಲಿ ರೇಡಿಯೋ ಮುಂದೆ. ಮೊದಲ ಅರ್ಧದಲ್ಲೇ ಆರು ತ್ರೀ ಎಸೆದ, ಆರಕ್ಕೆ ಆರೂ ಬಿದ್ದವು. ಒಂದೊಂದು ಬಿದ್ದಾಗಲೂ ಅಜ್ಜಿ ಮೇಜಿನ ಮೇಲೆ ಒಂದು ಏಟು. ಟೀಮ್ ನೂರು ದಾಟಿ ಹೋಯ್ತು. ಯಾರ ಜೊತೆಗೂ ಜಗಳ ಆಡ್ಲಿಲ್ಲ ಆ ಹುಡುಗ.

ಸೀಸನ್ ಪೂರ್ತಿ 35 ಗೆಲುವು, 3 ಸೋಲು. ನಾರ್ತ್ ಕ್ಯಾರೊಲೈನಾನ ಹೊಡೆದು ಅರಿಜೋನಾ ತನ್ನ ಇತಿಹಾಸದಲ್ಲೇ ಮೊದಲ ಸಲ ದೇಶದ ಕಾಲೇಜ್ ಟೂರ್ನಮೆಂಟಲ್ಲಿ (ಎನ್‌ಸಿಎಎ) ಕೊನೇ ನಾಲ್ಕು ಟೀಮ್ ಉಳಿಯೋ ಫೈನಲ್ ಫೋರ್‌ಗೆ ಹೋಯ್ತು, ಕ್ಯಾನ್ಸಾಸ್ ಸಿಟಿಗೆ. ಏಪ್ರಿಲ್ 2ನೇ ತಾರೀಖು, ಎದುರಿಗೆ ಓಕ್ಲಹೋಮ. ಅಜ್ಜಿ ಮನೆ ಟಿವಿ ಮುಂದೆ ಬೀದಿಯೋರೆಲ್ಲ ಸೇರಿದ್ವಿ.

ಬೀಳಲಿಲ್ಲ. ಅವೇ ಕಾಲು, ಅದೇ ಮೊಣಕೈ, ಅದೇ ಕೈ ಮೇಲೆ ನಿಲ್ಲೋದು, ಚೆಂಡು ಮಾತ್ರ ರಿಮ್ಮಿಗೆ ಹೊಡೆದು ಹೊರಗೆ. 13 ಎಸೆದು 2 ಬಿದ್ದವು. 86-78ಕ್ಕೆ ಸೋತ್ವಿ. ರೂಮಲ್ಲಿ ಯಾರೂ ಮಾತಾಡ್ಲಿಲ್ಲ. ಆ ಮ್ಯಾಚ್ ಇನ್ನೂ ಮನಸ್ಸಿಂದ ಹೋಗಿಲ್ಲ ಅಂತ ಅವನೇ ಎಷ್ಟೋ ವರ್ಷ ಆದ್ಮೇಲೆ ಹೇಳ್ಕೊಂಡಿದಾನೆ, ಅಮೆರಿಕದ ಪ್ರೊಫೆಷನಲ್ ಲೀಗಲ್ಲಿ ಚಾಂಪಿಯನ್ ಆಗಿ ಐದು ಎನ್‌ಬಿಎ ರಿಂಗ್ ಗೆದ್ದ ಮೇಲೂ. ಟೂಸಾನಲ್ಲಿ ಒಬ್ಬನೂ ಅವನಿಂದ ಸೋತ್ವಿ ಅಂದಿದ್ದು ನಾನು ಕೇಳ್ಲಿಲ್ಲ. ಅಜ್ಜಿ ಟಿವಿ ಆಫ್ ಮಾಡಿ "ಪಾಪ, ಆ ಮಗು ಊಟ ಮಾಡ್ತೋ ಇಲ್ವೋ" ಅಂದ್ರು, ಅಷ್ಟೇ.

ಆಮೇಲಿನದು ಎಲ್ಲರಿಗೂ ಗೊತ್ತಿರೋದು, ಬೇಗ ಹೇಳ್ತೀನಿ. ಎನ್‌ಬಿಎ ಟೀಮುಗಳು ಹೊಸ ಹುಡುಗರನ್ನ ಸರದಿ ಪ್ರಕಾರ ಆರಿಸ್ಕೊಳ್ಳೋ ಡ್ರಾಫ್ಟಲ್ಲಿ 50ನೇ ನಂಬರಿಗೆ ಹೋದ. ಶಿಕಾಗೋ ಬುಲ್ಸ್ ಜೊತೆ ಮೂರು, ಸ್ಯಾನ್ ಆಂಟೋನಿಯೋ ಸ್ಪರ್ಸ್ ಜೊತೆ ಎರಡು ಚಾಂಪಿಯನ್‌ಶಿಪ್. ಇತ್ತ ಕಾಲೇಜಲ್ಲಿ ಅವನು ಬಿಟ್ಟು ಹೋದ ಗಾರ್ಡ್ (ಚೆಂಡು ತಂದು ಆಟ ನಡೆಸೋನು) ಜಾಗಕ್ಕೆ ಡೇಮನ್ ಸ್ಟೌಡಮೈರ್, ಮೈಕ್ ಬಿಬ್ಬಿ, ಜೇಸನ್ ಟೆರಿ ಅಂತ ಒಬ್ಬರ ಮೇಲೊಬ್ಬರು ಬಂದ್ರು, "ಪಾಯಿಂಟ್ ಗಾರ್ಡ್ ಯೂನಿವರ್ಸಿಟಿ" ಅಂತಲೇ ಹೆಸರಾಯ್ತು. 1985ರಿಂದ 2009ರ ತನಕ 25 ವರ್ಷ ಒಂದು ಸಲಾನೂ ತಪ್ಪದೇ ಎನ್‌ಸಿಎಎ ಟೂರ್ನಮೆಂಟ್ ಆಡಿದ ಪ್ರೋಗ್ರಾಂ ಅದು. ಆ ಸಾಲಿನ ಮೊದಲ ಟೀಮಲ್ಲಿ ಕರ್ ಇದ್ದ. ಬಂದ ಪ್ರತಿ ಹುಡುಗನಿಗೂ ಓಲ್ಸನ್ ತೋರಿಸೋಕೆ ಒಂದು ಉದಾಹರಣೆ ಇತ್ತು, ಯಾರಿಗೂ ಬೇಡವಾದವನು ಇಲ್ಲಿಗೆ ಬಂದು ಏನಾದ ಅಂತ.

1997ರಲ್ಲಿ ನಾನು ದಾವಣಗೆರೇಲಿದ್ದೆ. ಜುಲೈಲೋ ಏನೋ ಅಜ್ಜಿಯಿಂದ ಒಂದು ದಪ್ಪ ಕವರ್ ಬಂತು. ಒಳಗೆ ಎರಡು ಪೇಪರ್ ಕಟಿಂಗ್. ಒಂದು, ಅರಿಜೋನಾ ಕೆಂಟಕಿಯನ್ನ ಓವರ್‌ಟೈಮಲ್ಲಿ 84-79ಕ್ಕೆ ಸೋಲಿಸಿ ಮೊದಲ ಸಲ ದೇಶದ ಚಾಂಪಿಯನ್ ಆದ ಸುದ್ದಿ. ಇನ್ನೊಂದು ಜೂನ್ ತಿಂಗಳದ್ದು, ಎನ್‌ಬಿಎ ಫೈನಲ್ಸಲ್ಲಿ ಯೂಟಾ ವಿರುದ್ಧ ಆರನೇ ಮ್ಯಾಚಲ್ಲಿ ಮೈಕಲ್ ಜೋರ್ಡನ್ ಚೆಂಡು ಪಾಸ್ ಮಾಡಿ, ಕರ್ ಅದನ್ನ ಹಾಕಿ ಬುಲ್ಸ್ ಗೆದ್ದ ಫೋಟೋ. ಎರಡರ ಮೇಲೂ ಪೆನ್ನಲ್ಲಿ ಒಂದೇ ಮಾತು ಬರೆದಿದ್ರು, "ನಮ್ಮ ಹುಡುಗರು".

ಈಗಿನ ಮಕ್ಕಳಿಗೆ ಕರ್ ಅಂದ್ರೆ ವಾರಿಯರ್ಸ್ ಟೀಮಿನ ಸ್ಟೀಫನ್ ಕರ್ರಿಯ ಕೋಚ್. ಮೊನ್ನೆ ಅಣ್ಣನ ಮೊಮ್ಮಗ ಫೋನಲ್ಲಿ ಕರ್ರಿ ಪ್ರಾಕ್ಟೀಸ್ ವಿಡಿಯೋ ನೋಡ್ತಾ ಕೂತಿದ್ದ, ನಮ್ಮ ಕಾಲೇಜಿಗೇ ಸೇರಿದಾನೆ ಈ ವರ್ಷ. ಕರ್ರಿ ಒಂದರ ಹಿಂದೊಂದು ಎಸೀತಿದಾನೆ, ಚೆಂಡು ಹೆಕ್ಕಿ ಹೆಕ್ಕಿ ಕೊಡ್ತಿರೋದು ಬ್ರೂಸ್ ಫ್ರೇಸರ್, ವಾರಿಯರ್ಸ್ ಅಸಿಸ್ಟೆಂಟ್ ಕೋಚ್. "ಲೋ, ಆ ಚೆಂಡು ಕೊಡ್ತಿದಾನಲ್ಲ, ಅವನು ಅರಿಜೋನಾದಲ್ಲಿ ಕರ್ ಜೊತೆಗೇ ಆಡಿದವನು ಕಣೋ, ನಾನು ಅಲ್ಲಿಗೆ ಹೋದ ವರ್ಷ ಇನ್ನೂ ಟೀಮಲ್ಲಿದ್ದ" ಅಂದೆ. ಅವನು ನಂಬ್ಲಿಲ್ಲ, ಹುಡುಕಿ ನೋಡಿ ನಂಬಿದ. ಆಮೇಲೆ "ತಾತ, ಕರ್ ಹೆಂಗೆ ಎಸೀತಿದ್ದ, ತೋರ್ಸಿ" ಅಂದ.

ಸಂಜೆ ಇಬ್ಬರೂ ಕಾಲೇಜ್ ಕೋರ್ಟಿಗೆ ಹೋದ್ವಿ. ಈಗ ಮಣ್ಣಿಲ್ಲ, ಸಿಮೆಂಟ್ ಹಾಕಿದಾರೆ. ಪಾದ ಎರಡೂ ಬುಟ್ಟಿ ಕಡೆ ಇಡಿಸಿದೆ, ಮೊಣಕೈ ಒಳಗೆ ತಂದೆ, ಚೆಂಡು ಬಿಟ್ಟ ಮೇಲೆ ಕೈ ಇಳಿಸಬೇಡ ಅಂದೆ. ಮೊದಲನೇದು ರಿಮ್ಮಿಗೂ ತಾಗಲಿಲ್ಲ. ಹುಡುಗ ಕೈ ಇಳಿಸ್ಲಿಲ್ಲ, ಚೆಂಡು ಉರುಳಿ ಗೇಟ್ ಹತ್ರ ಹೋಗಿ ನಿಲ್ಲೋ ತನಕ ಹಾಗೇ ನಿಂತಿದ್ದ. ನಾನು ಹೋಗಿ ಚೆಂಡು ತಂದು ಕೊಟ್ಟೆ.