ಪರದೆಗೆ ನೇತುಬಿದ್ದ ಬಾವಲಿ

ಸಂಜೆ ಕಿಟಕಿಯಿಂದ ಒಂದು ಪುಟ್ಟ ಬಾವಲಿ ಒಳಗೆ ಬಂತು. ಎರಡು ಸುತ್ತು ಹಾಕಿ ಪರದೆಗೆ ನೇತುಬಿತ್ತು. ಹೆಬ್ಬೆರಳಿನಷ್ಟು ಮೈ. ಎದೆ ಪಟಪಟ ಅಂತ ಬಡಿಯುತ್ತಿತ್ತು. ದೀಪ ಆರಿಸಿ ಸುಮ್ನೆ ಕೂತೆ.

ಚಿಟ್ಟಿಲಿಯಷ್ಟೇ ಇದೆ ಅಲ್ವಾ? ಚಿಟ್ಟಿಲಿಗೆ ಆಯಸ್ಸು ಎರಡು ಮೂರು ವರ್ಷ. ಆದರೆ ಸೈಬೀರಿಯಾದಲ್ಲಿ ಗುರುತಿನ ಉಂಗುರ ಹಾಕಿ ಬಿಟ್ಟಿದ್ದ ಒಂದು ಬ್ರಾಂಟ್ ಬಾವಲಿ 41 ವರ್ಷದ ಮೇಲೆ ಮತ್ತೆ ಸಿಕ್ಕಿತ್ತು. ತೂಕ ಸುಮಾರು 7 ಗ್ರಾಂ, ಅಷ್ಟೇ!

ಇಲಿಯನ್ನು ಹೇಗೂ ಯಾವುದೋ ಪ್ರಾಣಿ ಬೇಗ ತಿಂದುಬಿಡುತ್ತದೆ. ಮುಪ್ಪಿಗೆ ಅಂತ ಮೈ ಕಾಪಾಡಿಟ್ಟು ಏನು ಲಾಭ? ಬೇಗ ಮರಿ ಹಾಕುವುದೇ ಮೇಲು. ಹಾರಿ ತಪ್ಪಿಸಿಕೊಳ್ಳುವ ಜೀವಕ್ಕೆ ನಾಳೆ ಅನ್ನುವುದು ಇರುತ್ತದೆ. ಅದಕ್ಕೇ ಇದರ ಮೈಯ ರಿಪೇರಿಗೆ ವಿಕಾಸ ಜಾಸ್ತಿ ಖರ್ಚು ಮಾಡಿದೆ.

ಸ್ವಲ್ಪ ಹೊತ್ತಿಗೆ ಹಾರಿಹೋಯಿತು. ನನಗಿಂತ ಹಿರಿಯದೇ ಇತ್ತೋ ಏನೋ.